ಅಂ ನೂರ್ಸ್, ಲೇ ಝೂರ್ಸ್: ಮನೆಮಾತಿನಿಂದ ಮಗುವಿಗೆ ಫ್ರೆಂಚ್ ಬರುವ ದಾರಿ

ಮಗಳಿಗೆ ಆಗ ಎರಡೂವರೆ ವರ್ಷ. ಚಿತ್ರದ ಪುಸ್ತಕದಲ್ಲಿ ಕರಡಿ ಕಂಡಿತು. ಬೆರಳಿಟ್ಟು "ಅಂ ಝೂರ್ಸ್!" ಅಂದಳು.

ಫ್ರೆಂಚಿನಲ್ಲಿ ಕರಡಿಗೆ 'ಊರ್ಸ್'. ಒಂದು ಕರಡಿ ಅನ್ನಬೇಕಾದರೆ 'ಅಂ ನೂರ್ಸ್'. ನಾನು ಕ್ಲಾಸಿಗೆ ಹೋಗಿ, ನೋಟ್ಸ್ ಬರೆದು ಫ್ರೆಂಚ್ ಕಲಿತವಳು. ತಪ್ಪು ಕಿವಿಗೆ ಬಿದ್ದರೆ ಸುಮ್ಮನಿರಲು ಆಗುವುದಿಲ್ಲ. "ಝೂರ್ಸ್ ಅಲ್ಲ ಪುಟ್ಟಿ, ನೂರ್ಸ್" ಅಂದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ನಮ್ಮನೆಯವರು ಪುಸ್ತಕಕ್ಕೆ ಬಗ್ಗಿ "ವೀ, ಅಂ ನೂರ್ಸ್! ಅಂ ಗ್ರೋ ಝೂರ್ಸ್!" ಅಂದರು. ಹೌದು, ಕರಡಿ, ದೊಡ್ಡ ಕರಡಿ. ಅವರು ನಾವಿರುವ ದಕ್ಷಿಣ ಫ್ರಾನ್ಸಿನ ಈ ತುಲೂಸ್ ಕಡೆಯವರೇ, ಫ್ರೆಂಚ್ ಅವರ ತಾಯಿನುಡಿ.

ಮಗಳು ನನ್ನ ಮುಖ ನೋಡಿದಳು. ಅಪ್ಪ ಒಂದೇ ಉಸಿರಿನಲ್ಲಿ ನೂರ್ಸ್ ಅಂತಲೂ ಹೇಳಿದರು, ಝೂರ್ಸ್ ಅಂತಲೂ ಹೇಳಿದರು. ಎರಡೂ ಸರಿ. ತಪ್ಪು ಹೇಳಿದ್ದು ನಾನು. ಏಕೆಂದರೆ 'ನೂರ್ಸ್' ಎನ್ನುವ ಪದವೇ ಫ್ರೆಂಚಿನಲ್ಲಿ ಇಲ್ಲ.

ಆ ದಿನದಿಂದ ನಾನು ಮಗುವಿನ ಮಾತಿಗಿಂತ ಮನೆಯ ದೊಡ್ಡವರ ಮಾತನ್ನು ಜಾಸ್ತಿ ಗಮನಿಸತೊಡಗಿದೆ. ಮಗು ಕಲಿಯುವುದು ನಾವು ನಿಜವಾಗಿ ಆಡುವ ಮಾತನ್ನು, ನಾವು ಆಡುತ್ತೇವೆ ಅಂದುಕೊಂಡಿರುವ ಮಾತನ್ನಲ್ಲ. ಫ್ರೆಂಚಿನಲ್ಲಿ ಈ ಎರಡರ ನಡುವೆ ದೊಡ್ಡ ಅಂತರವಿದೆ. ಫ್ರೆಂಚ್ ಮಾತಾಡುವ ಊರಲ್ಲಿ ಚಿಕ್ಕ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದವರಿಗೆ ಈ ಬರಹ. ಇಲ್ಲಿ 'ಝ' ಕಂಡಲ್ಲೆಲ್ಲ ಝೀಬ್ರಾದ ಝ ಅಂತ ಓದಿಕೊಳ್ಳಿ.

ಮೊದಲು ನಿಮ್ಮ ಮಾತನ್ನೇ ಕೇಳಿಸಿಕೊಳ್ಳಿ

ಊಟದ ಹೊತ್ತಿಗೆ ಫೋನನ್ನು ರೆಕಾರ್ಡಿಂಗಿಗೆ ಹಾಕಿ ಮೇಜಿನ ಮೂಲೆಯಲ್ಲಿಡಿ. ಹತ್ತು ನಿಮಿಷ ಸಾಕು. ರಾತ್ರಿ ಮಗು ಮಲಗಿದ ಮೇಲೆ ಕೇಳಿ. ಆಮೇಲೆ ಅಳಿಸಿಬಿಡಿ, ಪರವಾಗಿಲ್ಲ.

ನಮ್ಮನೆಯಲ್ಲಿ ಕೇಳಿಸಿದ್ದು ಹೀಗಿತ್ತು. 'ನನಗೆ ಗೊತ್ತಿಲ್ಲ' ಅನ್ನಲು ಪುಸ್ತಕ ಕಲಿಸುವುದು 'ಜ ನ ಸೆ ಪಾ'. ನಮ್ಮನೆಯವರ ಬಾಯಲ್ಲಿ ಅದು 'ಶೆ ಪಾ'. ಮಧ್ಯದ 'ನ' ಪೂರ್ತಿ ಮಾಯ. 'ಇದೆ' ಅನ್ನುವ 'ಇಲ್ ಯಾ' ಬರೀ 'ಯಾ'. ನಾಲ್ಕಕ್ಕೆ 'ಕಾತ್ರ್' ಅಲ್ಲ, 'ಕಾತ್'. 'ನಾವು' ಎಂಬರ್ಥದ 'ನೂ' ಇಡೀ ಹತ್ತು ನಿಮಿಷದಲ್ಲಿ ಒಮ್ಮೆಯೂ ಬರಲಿಲ್ಲ, ಎಲ್ಲ ಕಡೆಯೂ 'ಓಂ'. ಪ್ರಶ್ನೆಗಳೂ ಅಷ್ಟೇ. 'ಎಲ್ಲಿಗೆ ಹೋಗ್ತೀಯ' ಅನ್ನಲು ನನ್ನ ನೋಟ್ಸಿನಲ್ಲಿ 'ಊ ವಾ ತ್ಯು' ಅಂತಿದೆ. ಅವರು ಕೇಳುವುದು 'ತ್ಯು ವಾ ಊ'.

ಗಾಬರಿ ಬೇಡ. ಇದು ಸೋಮಾರಿ ಫ್ರೆಂಚ್ ಅಲ್ಲ. ಇದೇ ಆಡುಮಾತು. ಮಾಂಟ್ರಿಯಲ್ ಕಡೆ ಆಡುಮಾತಿನಲ್ಲಿ ಆ 'ನ' ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಾವಾದರೂ ಮಗುವಿಗೆ "ನಾನು ನಿನಗೆ ಅನ್ನವನ್ನು ಕೊಡುತ್ತೇನೆ" ಅಂತೀವಾ? "ಅನ್ನ ಕೊಡ್ತೀನಿ ಬಾ" ಅಂತೀವಿ. ಫ್ರೆಂಚರೂ ಹಾಗೇ. ಆದ್ದರಿಂದ ಮಗು ಮೂರು ವರ್ಷಕ್ಕೆ 'ಶೆ ಪಾ' ಅಂದರೆ ಅದು ಕೆಟ್ಟ ಸಹವಾಸದ ಫಲವಲ್ಲ. ಕಿವಿ ಚೆನ್ನಾಗಿದೆ ಅಂತ ಅರ್ಥ.

ಈ ಕಿವಿ ಕೆಲಸ ಶುರು ಮಾಡುವುದು ಬಹಳ ಬೇಗ. 2009ರಲ್ಲಿ ಜರ್ಮನಿ ಮತ್ತು ಫ್ರಾನ್ಸಿನ ಸಂಶೋಧಕರು ಆಗಷ್ಟೇ ಹುಟ್ಟಿದ 60 ಕೂಸುಗಳ ಅಳುವನ್ನು ಹೋಲಿಸಿದರು. ಫ್ರೆಂಚ್ ಕೂಸುಗಳ ಅಳುವಿನ ರಾಗ ಹೆಚ್ಚಾಗಿ ಏರುತ್ತಿತ್ತು, ಜರ್ಮನ್ ಕೂಸುಗಳದ್ದು ಇಳಿಯುತ್ತಿತ್ತು. ಹೊಟ್ಟೆಯಲ್ಲಿದ್ದಾಗ ಕೇಳಿದ ಮಾತಿನ ಏರಿಳಿತ ಹೊರಗೆ ಬಂದ ವಾರದೊಳಗೇ ಗಂಟಲಿಗೆ ಇಳಿದಿತ್ತು.

ಊರಿನ ರಾಗವೂ ಹಾಗೇ ಅಂಟಿಕೊಳ್ಳುತ್ತದೆ. ತುಲೂಸ್ ಕಡೆಯವರು ಬ್ರೆಡ್ಡಿಗೆ 'ಪೆಂಗ್' ಅಂತಾರೆ, ಕೊನೆಗೆ ಸಣ್ಣಗೆ ಮೂಗಿನಿಂದ ಒಂದು 'ಙ್' ಬರುತ್ತದೆ. ಪ್ಯಾರಿಸ್‌ನವರು 'ಪ್ತಿತ್' ಅಂದರೆ ಇಲ್ಲಿಯವರು ಕೊನೆಯ ಸ್ವರವನ್ನೂ ಬಿಡದೆ 'ಪತಿತ' ಅಂತಾರೆ. ನಮ್ಮ ಅತ್ತೆಯವರ ಮಾತು ಪೂರ್ತಿ ಹೀಗೆ. ಮಗಳದ್ದೂ ಈಗ ಹೀಗೇ. ನನ್ನ ಕ್ಲಾಸಿನ ಫ್ರೆಂಚ್ ಅವಳ ಮೇಲೆ ಏನೂ ಪರಿಣಾಮ ಮಾಡಲಿಲ್ಲ. ಒಳ್ಳೆಯದೇ ಆಯಿತು ಬಿಡಿ.

ಪದವನ್ನು ಒಂಟಿಯಾಗಿ ಕೊಡಬೇಡಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಸ್ವಲ್ಪ ನಿಧಾನವಾಗಿ ಓದಿ.

ಫ್ರೆಂಚ್ ಮಾತಿನಲ್ಲಿ ಪದಗಳ ನಡುವೆ ಗೋಡೆ ಇಲ್ಲ. ಮುಂದಿನ ಪದ ಸ್ವರದಿಂದ ಶುರುವಾದರೆ ಹಿಂದಿನ ಪದದ ಕೊನೆಯಲ್ಲಿ ಮಲಗಿದ್ದ ವ್ಯಂಜನ ಎದ್ದು ಬಂದು ಅದರ ತಲೆಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಅವರು 'ಲಿಯೇಝೋಂ' ಅಂತಾರೆ. ನಮ್ಮ ಆಗಮ ಸಂಧಿಯ ದೂರದ ನೆಂಟ ಅಂದುಕೊಳ್ಳಿ. ಮನೆ ಮತ್ತು ಅನ್ನು ಸೇರಿದಾಗ 'ಮನೆಯನ್ನು' ಆಗಿ ನಡುವೆ 'ಯ' ಬರುವುದಿಲ್ಲವೇ, ಆ ಥರ. ಆದರೆ ಫ್ರೆಂಚಿನಲ್ಲಿ ಯಾವ ವ್ಯಂಜನ ಬರುತ್ತದೆ ಎಂದು ಹೇಳುವುದು ಹಿಂದಿನ ಪದ. ಒಂದೇ ಕರಡಿ ಹೀಗೆಲ್ಲ ವೇಷ ಹಾಕುತ್ತದೆ:

ಒಂದು ಕರಡಿ: ಅಂ ನೂರ್ಸ್
ಕರಡಿಗಳು: ಲೇ ಝೂರ್ಸ್
ಪುಟ್ಟ ಕರಡಿ: ಪ್ತಿ ತೂರ್ಸ್
ಆ ಕರಡಿ: ಲೂರ್ಸ್

ಈಗ ಎರಡು ವರ್ಷದ ಮಗುವಿನ ಜಾಗದಲ್ಲಿ ಕೂತು ನೋಡಿ. ಬರವಣಿಗೆ ಗೊತ್ತಿಲ್ಲ. ಕಿವಿಗೆ ಬೀಳುವುದು ನೂರ್ಸ್, ಝೂರ್ಸ್, ತೂರ್ಸ್, ಲೂರ್ಸ್. ಇದರಲ್ಲಿ ಪ್ರಾಣಿಯ ಹೆಸರು ಯಾವುದು? ಫ್ರಾನ್ಸಿನ ಭಾಷಾ ಸಂಶೋಧಕ ಜಾಂ-ಪಿಯೆರ್ ಶೆವ್ರೋ ಮತ್ತು ಜೊತೆಗಾರರು ವರ್ಷಗಟ್ಟಲೆ ಇದನ್ನೇ ಅಭ್ಯಾಸ ಮಾಡಿ 2009ರಲ್ಲಿ ಬರೆದದ್ದರ ಸಾರ ಇಷ್ಟು. ಮಗು ಮೊದಲು ವ್ಯಂಜನವನ್ನು ಪದದ್ದೇ ಅಂದುಕೊಂಡು ನೂರ್ಸ್, ಝೂರ್ಸ್ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಳ್ಳುತ್ತದೆ. ಯಾವುದನ್ನು ಯಾರ ಜೊತೆ ಹೇಳಬೇಕು ಎನ್ನುವುದು ಕೇಳಿ ಕೇಳಿ ನಿಧಾನಕ್ಕೆ ಬರುತ್ತದೆ. ಹೀಗಾಗಿ 'ಅಂ ಝೂರ್ಸ್', 'ಲೇ ನೂರ್ಸ್' ಥರದ ತಪ್ಪುಗಳು ಎರಡರಿಂದ ಐದಾರು ವರ್ಷದವರೆಗೆ ಫ್ರೆಂಚ್ ಮನೆಗಳಲ್ಲೂ ಮಾಮೂಲಿ.

ದೊಡ್ಡವರೂ ಹಿಂದೆ ಹೀಗೇ ಎಡವಿದ್ದಾರೆ. ಗೋಡೆಗೆ ಹಬ್ಬುವ ಐವಿ ಬಳ್ಳಿಗೆ ಹಳೆಯ ಫ್ರೆಂಚಿನಲ್ಲಿ 'ಯೆರ್' ಅಂತಿದ್ದರು. 'ಆ' ಎನ್ನುವ 'ಲ್' ಅಂಟಿ ಅಂಟಿ ಈಗ ಅದು 'ಲಿಯೆರ್'. ಹೈಟಿಯ ಕ್ರಿಯೋಲ್ ನುಡಿಯಲ್ಲಿ ಹಕ್ಕಿಗೆ 'ಝ್ವಾಝೋ'. ಹಕ್ಕಿಗಳು ಅನ್ನುವ 'ಲೇ ಝ್ವಾಝೋ'ದ ಝ ಅಲ್ಲಿ ಪದದೊಳಗೇ ಉಳಿದುಬಿಟ್ಟಿತು. ಟೆಡ್ಡಿ ಬೇರಿಗೆ ಫ್ರೆಂಚರು ಪ್ರೀತಿಯಿಂದ ಕರೆಯುವ 'ನೂನೂರ್ಸ್' ಕೂಡ ಈ ನೂರ್ಸ್‌ನದೇ ಕೂಸು.

ಹಾಗಾದರೆ ನಾವು ಮಾಡಬೇಕಾದ್ದೇನು?

ಫ್ಲ್ಯಾಶ್ ಕಾರ್ಡ್ ಹಿಡಿದು 'ಊರ್ಸ್', 'ಆವಿಯೋಂ', 'ಆರ್ಬ್ರ್' ಅಂತ ಬಿಡಿ ಪದ ಒಪ್ಪಿಸುವುದನ್ನು ನಿಲ್ಲಿಸಿ. ನಿಜವಾದ ಮಾತಿನಲ್ಲಿ ಪದ ಹಾಗೆ ಬೆತ್ತಲೆಯಾಗಿ ಬರುವುದು ಅಪರೂಪ. ಅದರ ಬದಲು ಒಂದೇ ವಸ್ತುವನ್ನು ಹಿಡಿದು ಜೊತೆಗಾರರನ್ನು ಬದಲಿಸುತ್ತಾ ಹೋಗಿ. ನಮ್ಮಲ್ಲಿ ಆಟಿಕೆ ವಿಮಾನಗಳ ಒಂದು ಶೂ ಡಬ್ಬಿ ಇತ್ತು. ಒಂದು ತೆಗೆದರೆ 'ಅಂ ನಾವಿಯೋಂ'. ಇನ್ನೊಂದು ತೆಗೆದರೆ 'ದೋ ಝಾವಿಯೋಂ'. ಅಪ್ಪ ಕಿತ್ತುಕೊಂಡರೆ 'ಮೊಂ ನಾವಿಯೋಂ!', ನನ್ನ ವಿಮಾನ. ಎಲ್ಲ ನೆಲಕ್ಕೆ ಬಿದ್ದರೆ 'ಲೇ ಝಾವಿಯೋಂ!'. ಐದು ನಿಮಿಷದ ಆಟ. ಪಾಠ ಅಂತ ಅವಳಿಗೆ ಗೊತ್ತೇ ಆಗಲಿಲ್ಲ.

ಇದರ ಜೊತೆ ಇನ್ನೊಂದು ಗುಟ್ಟಿದೆ. ಫ್ರೆಂಚಿನಲ್ಲಿ ಪ್ರತಿ ವಸ್ತುವೂ ಗಂಡು ಇಲ್ಲವೇ ಹೆಣ್ಣು. 'ಲ' ಅಂದರೆ ಗಂಡು, 'ಲಾ' ಅಂದರೆ ಹೆಣ್ಣು. ಆದರೆ ಸ್ವರದಿಂದ ಶುರುವಾಗುವ ಪದದ ಮುಂದೆ ಎರಡೂ ಸವೆದು ಬರೀ 'ಲ್' ಆಗುತ್ತದೆ. 'ಲಾವಿಯೋಂ' ಅಂತ ಎಷ್ಟು ಸಲ ಕೇಳಿದರೂ ವಿಮಾನ ಗಂಡೋ ಹೆಣ್ಣೋ ಮಗುವಿಗೆ ತಿಳಿಯುವುದಿಲ್ಲ. ಇಂಥ ಪದಗಳ ಲಿಂಗದಲ್ಲಿ ಫ್ರೆಂಚ್ ದೊಡ್ಡವರೂ ತಡವರಿಸುವುದನ್ನು ನೋಡಿದ್ದೇನೆ. ಆದ್ದರಿಂದ ಸ್ವರದ ಪದಗಳಿಗೆ ಬೇಕಂತಲೇ 'ಅಂ' ಅಥವಾ 'ಯೂನ್' ಸೇರಿಸಿ ಹೇಳಿ. ಒಂದು ವಿಮಾನ 'ಅಂ ನಾವಿಯೋಂ', ಒಂದು ಶಾಲೆ 'ಯೂನ್ ಎಕೋಲ್'. ಗಂಡು ಹೆಣ್ಣು ತಾನಾಗಿ ಕೇಳಿಸುತ್ತದೆ.

ಮುಂದೆ ಒಂದು ತಮಾಷೆಯ ಹಂತ ಬರುತ್ತದೆ. ನಿಯಮ ಹಿಡಿತಕ್ಕೆ ಸಿಕ್ಕಿತು ಅನ್ನುವಾಗ ಮಗು ಅದನ್ನು ಬೇಡದ ಕಡೆಗೂ ಎಳೆಯುತ್ತದೆ. ಝೀಬ್ರಾಗೆ ಫ್ರೆಂಚಿನಲ್ಲಿ 'ಝೆಬ್ರ್', ಆ ಝ ಪದದ್ದೇ. ಮಗು ಮಾತ್ರ ಬಹಳ ಜಾಣತನದಿಂದ 'ಅಂ ನೆಬ್ರ್' ಅನ್ನುತ್ತದೆ. ಇದು ಹಿಂದೆ ಬೀಳುವುದಲ್ಲ, ಮುಂದೆ ಹೋಗುವುದು.

ತಿದ್ದಬೇಡಿ, ಸರಿ ಮಾಡಿ ವಾಪಸ್ ಕೊಡಿ

ನಮ್ಮ ಮಕ್ಕಳು 'ಮಾಡಿದೆ', 'ನೋಡಿದೆ' ಕೇಳಿ 'ಕೊಡಿದೆ' ಅನ್ನುತ್ತಾರಲ್ಲ, ಫ್ರೆಂಚ್ ಮಕ್ಕಳದ್ದೂ ಅದೇ ಕಥೆ. ವಾಪಸ್ ಕೊಡು ಎನ್ನುವ 'ರಾಂದ್ರ್' ಕ್ರಿಯೆಗೆ ಭೂತಕಾಲದಲ್ಲಿ 'ರಾಂದ್ಯು' ಅಂತಾಗುತ್ತದೆ. ಅದನ್ನು ಕೇಳಿದ ಮಗು ತಗೋ ಎನ್ನುವ 'ಪ್ರಾಂದ್ರ್'ಗೂ 'ಪ್ರಾಂದ್ಯು' ಅಂತ ಮಾಡಿಕೊಳ್ಳುತ್ತದೆ. ಸರಿಯಾದದ್ದು 'ಪ್ರಿ'. ಒಂದು ಸಂಜೆ ನಡೆದ ಮಾತು ಇದು:

ಮಗಳು: "ಜೆ ಪ್ರಾಂದ್ಯು ಲಾ ಪೊಮ್." (ಸೇಬು ತಗೊಂಡೆ.)
ಅಪ್ಪ: "ಆ, ತಾ ಪ್ರಿ ಲಾ ಪೊಮ್?" (ಓ, ಸೇಬು ತಗೊಂಡ್ಯಾ?)
ಮಗಳು: "ವೀ, ಪ್ರಿ. ಲಾ ರೂಜ್." (ಹೂಂ, ತಗೊಂಡೆ. ಕೆಂಪುದು.)
ಅಪ್ಪ: "ಲಾ ರೂಜ್! ಎಲೆ ಬೊನ್?" (ಕೆಂಪುದಾ! ರುಚಿ ಇದ್ಯಾ?)

ತಪ್ಪು ಅಂತ ಯಾರೂ ಹೇಳಲಿಲ್ಲ. ಅವಳು ಹೇಳಿದ್ದು ಅರ್ಥವಾಯಿತು ಎಂದು ತೋರಿಸುವ ನೆಪದಲ್ಲಿ ಸರಿಯಾದ ರೂಪ ಅವಳ ಕೈಗೆ ಸಿಕ್ಕಿತು. ಮರುಕ್ಷಣವೇ ಬಳಸಿದಳು. ಇದು ನಮ್ಮನೆಯವರ ಜಾಣತನವೇನೂ ಅಲ್ಲ, ಅವರಿಗೆ ತಾನು ಹೀಗೆ ಮಾಡುತ್ತಿದ್ದೇನೆ ಅಂತಲೇ ಗೊತ್ತಿರಲಿಲ್ಲ. ಮಿಶೆಲ್ ಶೂನಾರ್ಡ್ ಮತ್ತು ಈವ್ ಕ್ಲಾರ್ಕ್ ಎಂಬ ಸಂಶೋಧಕರು 2003ರಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಕಲಿಯುತ್ತಿದ್ದ ಐದು ಮಕ್ಕಳ ಮನೆಮಾತನ್ನು ಹೀಗೇ ಬಿಡಿಸಿ ನೋಡಿದ್ದರು. ಮಗು ಸರಿಯಾಗಿ ಹೇಳಿದಾಗಿನದಕ್ಕಿಂತ ತಪ್ಪಾಗಿ ಹೇಳಿದಾಗ ದೊಡ್ಡವರು ಆ ಮಾತನ್ನು ಸರಿಮಾಡಿ ಮರಳಿ ಹೇಳುವುದು ಎಷ್ಟೋ ಜಾಸ್ತಿ. ಮಕ್ಕಳು ಅದನ್ನು ಗಮನಿಸುತ್ತಾರೆ ಕೂಡ.

ಮಾಡಬೇಕಾದ್ದು ಎರಡೇ. ಮಗು ಹೇಳಿದ್ದನ್ನು ಸರಿಯಾದ ರೂಪದಲ್ಲಿ ಮರಳಿ ಹೇಳಿ. ಅದರ ಬಾಲಕ್ಕೆ ನಿಜವಾದ ಒಂದು ಪ್ರಶ್ನೆ ಕಟ್ಟಿ. ಪ್ರಶ್ನೆ ಇಲ್ಲದಿದ್ದರೆ ಗಿಣಿಪಾಠ ಆಗುತ್ತದೆ.

ಮಾಡಬಾರದ್ದು ನನ್ನಿಂದ ಕಲಿಯಿರಿ. ಒಂದು ವಾರ ನಾನು "ರೆಪೆತ್, ರೆಪೆತ್" ಅಂತ ಅವಳ ಬೆನ್ನು ಬಿದ್ದೆ, ಸರಿಯಾಗಿ ಹೇಳುವ ತನಕ ಬಿಡಲಿಲ್ಲ. ವಾರದ ಕೊನೆಗೆ ಅವಳು ನನ್ನ ಬಾಯಿಗೆ ಕೈ ಮುಚ್ಚಿ "ಅಮ್ಮ, ನೀನು ಕನ್ನಡ ಮಾತಾಡು" ಅಂದಳು.

ಎಳೆಯ ಮಕ್ಕಳ ಪದಗಳನ್ನು ಬಳಸಲು ಸಂಕೋಚ ಬೇಡ. ನಮಗೆ ತಾಚಿ, ಬುವ್ವ ಇದ್ದಂತೆ ಅವರಿಗೆ ನಿದ್ದೆಗೆ 'ದೋದೋ', ಗಾಯಕ್ಕೆ 'ಬೋಬೋ', ತಬ್ಬಿ ಮಲಗುವ ಗೊಂಬೆಗೆ 'ದೂದೂ'. "ಇಲೆ ಊ, ಲ ದೂದೂ?" ಅಂತ ಹೆಸರನ್ನು ಕೊನೆಗೆ ತಳ್ಳಿ ಕೇಳುವುದೂ ಅಚ್ಚ ಫ್ರೆಂಚೇ. "ಎಲ್ಹೋಯ್ತು, ಗೊಂಬೆ?" ಅಂತ ನಾವು ಕೇಳಲ್ವಾ?

ಪುಸ್ತಕದ ಫ್ರೆಂಚ್ ಪುಸ್ತಕದಿಂದಲೇ ಬರಲಿ

ಆಡುಮಾತಿನಲ್ಲಿ ಬಿದ್ದುಹೋದ 'ನ' ಮಗುವಿಗೆ ಎಲ್ಲಿ ಸಿಗಬೇಕು? ರಾತ್ರಿ ಓದುವ ಕಥೆಯಲ್ಲಿ. ಕಥೆಪುಸ್ತಕದ ಫ್ರೆಂಚ್ ಬೇರೆಯೇ ಲೋಕ. ಅಲ್ಲಿ 'ನ' ಇರುತ್ತದೆ, 'ನೂ' ಇರುತ್ತದೆ. 'ತಿಂದ' ಅನ್ನುವುದಕ್ಕೆ ಮನೆಯಲ್ಲಿ ಯಾರೂ ಆಡದ 'ಇಲ್ ಮಾಂಜಾ' ಎಂಬ ರೂಪ ಇರುತ್ತದೆ. ಕಾಗದದ ಮೇಲೆ ಇದ್ದದ್ದನ್ನು ಇದ್ದ ಹಾಗೇ ಓದಿ, ಆಡುಮಾತಿಗೆ ಇಳಿಸಬೇಡಿ. ಮಗುವಿಗೆ ಎರಡು ಫ್ರೆಂಚ್ ಇವೆ ಅಂತ ಬೇಗ ತಿಳಿಯುತ್ತದೆ. ನಮ್ಮವಳು ನಾಲ್ಕು ತುಂಬುವ ಹೊತ್ತಿಗೆ ಗೊಂಬೆಗಳಿಗೆ ಕಥೆ ಹೇಳುವಾಗ ಮಾತ್ರ ದನಿ ದಪ್ಪ ಮಾಡಿ 'ಮಾಂಜಾ' ಅನ್ನುತ್ತಿದ್ದಳು, ಊಟಕ್ಕೆ ಕೂತಾಗ ಅಲ್ಲ.

ಶಿಶುಗೀತೆಗಳೂ ಕೆಲಸಕ್ಕೆ ಬರುತ್ತವೆ. ಮಾತಿನಲ್ಲಿ ನುಂಗಿಹೋಗುವ ಸಣ್ಣ ಸ್ವರಗಳು ಹಾಡಿನಲ್ಲಿ ತಾಳಕ್ಕೆ ಬೇಕಾಗಿ ವಾಪಸ್ ಬರುತ್ತವೆ. 'ಪ್ತಿ' ಹಾಡಿನಲ್ಲಿ 'ಪತಿ' ಆಗುತ್ತದೆ. ಪದದ ಪೂರ್ತಿ ಆಕಾರ ಮಗುವಿಗೆ ಅಲ್ಲಿ ಕಾಣುತ್ತದೆ. ಇಲ್ಲಿನ ಜೋಸೆ ಕಬಾನಿಸ್ ಲೈಬ್ರರಿಯಲ್ಲಿ ಮಕ್ಕಳ ಪುಸ್ತಕದ ವಿಭಾಗ ದೊಡ್ಡದು. ನಿಮ್ಮೂರಲ್ಲೂ 'ಮೀಡಿಯಾತೆಕ್' ಅಂತ ಒಂದು ಇದ್ದೇ ಇರುತ್ತದೆ.

'ತ್ಯು', 'ವೂ' ಕಲಿಸಲು ಬೇಕರಿಗೆ ಕರೆದುಕೊಂಡು ಹೋಗಿ

ನಮಗೆ ನೀನು, ನೀವು ಇದ್ದಂತೆ ಅವರಿಗೆ ತ್ಯು, ವೂ. ಆದರೆ ಲೆಕ್ಕ ಬೇರೆ. ಅಜ್ಜಿಗೆ 'ನೀವು' ಅನ್ನಬೇಕು ಅಂತ ನಮ್ಮ ಅನೇಕ ಮನೆಗಳಲ್ಲಿ ಕಲಿಸುತ್ತಾರೆ. ಇಲ್ಲಿ ಅಜ್ಜಿಗೂ 'ತ್ಯು', ಶಿಶುವಿಹಾರದ ಟೀಚರಿಗೂ ಮಕ್ಕಳು ಸಾಮಾನ್ಯವಾಗಿ 'ತ್ಯು'. ಹಾಗಾಗಿ ಒಬ್ಬರನ್ನೇ 'ವೂ' ಅನ್ನುವುದನ್ನು ಮಗು ಮನೆಯೊಳಗೆ ಕೇಳುವುದೇ ಇಲ್ಲ. ಕೇಳದ್ದು ಬರುವುದೂ ಇಲ್ಲ. ಬೇಕರಿಯ ಸಾಲಿನಲ್ಲಿ ನಿಂತಾಗ ನೀವು ಆಡುವ "ಬೋಂಜೂರ್ ಮದಾಮ್" ಮತ್ತು "ಸಿಲ್ ವು ಪ್ಲೆ" (ದಯವಿಟ್ಟು) ಅದಕ್ಕೆ ಮೊದಲ ಪಾಠ. ನಾಲ್ಕು ವರ್ಷದಿಂದ ಮಗುವೇ ಕೇಳಲಿ. ಇಲ್ಲಿ ಮಾತ್ರ ಒಂದು ಎಚ್ಚರಿಕೆ: ಚಾಕಲೇಟ್ ತುಂಬಿದ ಆ ತಿಂಡಿಗೆ ತುಲೂಸ್‌ನಲ್ಲಿ 'ಶೋಕೊಲಾತಿನ್' ಅನ್ನಬೇಕು. ಪ್ಯಾರಿಸ್‌ನವರ ಹಾಗೆ 'ಪೆಂ ಓ ಶೋಕೊಲಾ' ಅಂದರೆ ಅಂಗಡಿಯವರು ಕೊಡುತ್ತಾರೆ, ಆದರೆ ನಗುತ್ತಾರೆ.

ಕನ್ನಡ ಬಿಡಬೇಡಿ

ಮಗಳು ಇನ್ನೂ ಚಿಕ್ಕವಳಿದ್ದಾಗ ಒಬ್ಬರು ಬಹಳ ಕಾಳಜಿಯಿಂದಲೇ ಹೇಳಿದ್ದರು: "ನೀವೂ ಫ್ರೆಂಚಿನಲ್ಲೇ ಮಾತಾಡಿ, ಇಲ್ಲದಿದ್ದರೆ ಮಗುವಿಗೆ ಗೊಂದಲ." ಎರಡು ತಿಂಗಳು ಹಾಗೇ ಮಾಡಿದೆ. ಜೋಗುಳ ಹಾಡುವುದಿಲ್ಲ, ಗದರುವುದಿಲ್ಲ, ಕಥೆ ಹೇಳುವುದಿಲ್ಲ. ಏಕೆಂದರೆ ಅದಕ್ಕೆಲ್ಲ ನನ್ನ ಬಳಿ ಫ್ರೆಂಚ್ ಇರಲಿಲ್ಲ. ಮಗುವಿಗೆ ಸಿಗುತ್ತಿದ್ದ ಮಾತೇ ಅರ್ಧ ಆಯಿತು.

ಇದೇ ಫ್ರಾನ್ಸಿನಲ್ಲಿ ನೂರು ವರ್ಷಕ್ಕೂ ಹಿಂದೆ ಜ್ಯೂಲ್ ರೋಂಜಾ ಎಂಬ ಭಾಷಾ ಪಂಡಿತರ ಮನೆಯಲ್ಲಿ ಅಪ್ಪ ಫ್ರೆಂಚ್, ಅಮ್ಮ ಜರ್ಮನ್. ಗೆಳೆಯ ಮೋರಿಸ್ ಗ್ರಾಮೋಂ ಕೊಟ್ಟ ಸಲಹೆಯಂತೆ ಇಬ್ಬರೂ ಮಗ ಲೂಯಿಯ ಜೊತೆ ತಂತಮ್ಮ ನುಡಿಯನ್ನೇ ಆಡಿದರು. ಮಗ ಎರಡನ್ನೂ ಸಲೀಸಾಗಿ ಕಲಿತ. ಅದನ್ನು ರೋಂಜಾ 1913ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಒಬ್ಬರಿಗೆ ಒಂದು ಭಾಷೆ ಎನ್ನುವ ಪದ್ಧತಿ ಹೆಸರಾದದ್ದು ಅಲ್ಲಿಂದ. ಅದನ್ನು ವ್ರತದ ಥರ ಪಾಲಿಸಬೇಕಾಗಿಲ್ಲ. ಅತ್ತೆ ಬಂದಾಗ ನಾನೂ ಫ್ರೆಂಚ್ ಆಡುತ್ತೇನೆ.

ಅಪ್ಪ ಅಮ್ಮ ಇಬ್ಬರೂ ಕನ್ನಡದವರಾದರೆ? ಮನೆಯಲ್ಲಿ ಕನ್ನಡವೇ ಇರಲಿ. ಫ್ರಾನ್ಸಿನಲ್ಲಿ 2019ರಿಂದ ಮೂರು ವರ್ಷಕ್ಕೇ ಶಿಕ್ಷಣ ಕಡ್ಡಾಯ. 'ಮಾತೆರ್ನೆಲ್' ಶಾಲೆಯ ಅಂಗಳದಲ್ಲಿ ಫ್ರೆಂಚ್ ಬೇಕಾದಷ್ಟು ಸಿಗುತ್ತದೆ. ಅದಕ್ಕೂ ಮೊದಲು ಪಾರ್ಕು, ಲೈಬ್ರರಿಯ ಕಥಾಸಮಯ, ನೋಡಿಕೊಳ್ಳುವ 'ನೂನೂ' ಇದ್ದರೆ ಅವರ ಮನೆ. ಶಾಲೆಗೆ ಬಿಡುವ ಮೊದಲು ನಾಲ್ಕು ಮಾತು ಮಾತ್ರ ಗಟ್ಟಿ ಮಾಡಿಸಿ: ಒಂದಕ್ಕೆ ಹೋಗಬೇಕು, ಬಾಯಾರಿದೆ, ನೋಯುತ್ತಿದೆ, ನನ್ನ ದೂದೂ ಬೇಕು. ಮೊದಲ ಕೆಲವು ತಿಂಗಳು ಮಗು ಶಾಲೆಯಲ್ಲಿ ತುಟಿ ಬಿಚ್ಚದೆ ಇರಬಹುದು. ಆಗ ಅದು ಕೇಳಿಸಿಕೊಳ್ಳುತ್ತಿರುತ್ತದೆ.

ಯಾವಾಗ ಡಾಕ್ಟರನ್ನು ಕೇಳಬೇಕು

ಲಿಯೇಝೋಂ ತಪ್ಪು, 'ಪ್ರಾಂದ್ಯು' ಥರದ ತಪ್ಪು ಐದಾರು ವರ್ಷದವರೆಗೆ ಚಿಂತೆಯ ವಿಷಯ ಅಲ್ಲ. 'ಅದನ್ನು ತಿಂತಾನೆ' ಅನ್ನುವಾಗ ಬರುವ ಪುಟ್ಟ 'ಲ', 'ಲಾ' ಕೂಡ ಫ್ರೆಂಚ್ ಮಕ್ಕಳಿಗೆ ತಡವಾಗಿಯೇ ಕೂಡಿಬರುತ್ತದೆ. ಆದರೆ ಎರಡು ತುಂಬಿದ ಮೇಲೂ ಎರಡು ಪದ ಜೋಡಿಸುತ್ತಿಲ್ಲ, ಮೂರು ತುಂಬಿದರೂ ಹೊರಗಿನವರಿಗೆ ಮಾತು ಅರ್ಥವಾಗುತ್ತಿಲ್ಲ, ಕರೆದರೆ ತಿರುಗುವುದಿಲ್ಲ ಎಂದಾದರೆ ಕಾಯಬೇಡಿ. ಮಕ್ಕಳ ಡಾಕ್ಟರಿಗೆ ಅಥವಾ ಹತ್ತಿರದ ಪೆ-ಎಮ್-ಈ (ತಾಯಿ-ಮಕ್ಕಳ ಸರ್ಕಾರಿ ಆರೋಗ್ಯ) ಕೇಂದ್ರಕ್ಕೆ ತೋರಿಸಿ, ಅಲ್ಲಿ ಹಣ ಕೊಡಬೇಕಾಗಿಲ್ಲ. ಮೊದಲು ಕಿವಿಯ ಪರೀಕ್ಷೆ. ಎಷ್ಟು ಪದ ಬರುತ್ತದೆ ಎಂದು ಕೇಳಿದರೆ ಕನ್ನಡದ್ದು, ಫ್ರೆಂಚಿನದ್ದು ಎರಡನ್ನೂ ಕೂಡಿಸಿ ಹೇಳಿ. ಬರೀ ಫ್ರೆಂಚ್ ಎಣಿಸಿದರೆ ಲೆಕ್ಕ ತಪ್ಪಾಗುತ್ತದೆ.

ಎಣಿಸಲು ಸುಲಭವಾಗಲಿ ಅಂತ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಕು, ಮಗು ಹೇಳಿದ್ದು, ಅದಕ್ಕೆ ಮೊದಲು ನಾವು ಹೇಳಿದ್ದು, ಇಷ್ಟು ಸಾಕು. ಮೂರನೆಯದನ್ನು ಬರೆಯಲು ಮರೆಯಬೇಡಿ, ತಪ್ಪಿನ ಬೇರು ಎಷ್ಟೋ ಸಲ ಅಲ್ಲೇ ಸಿಗುತ್ತದೆ. ನಮ್ಮ ನೋಟ್‌ಬುಕ್ಕಿನ ಕೊನೆಯ ಸಾಲು ಮಗಳಿಗೆ ಐದು ವರ್ಷವಾದ ಮೇಲಿನದು. ನಾಲ್ಕು ಕರಡಿ ಅನ್ನಲು ಅವಳು 'ಕಾತ್ ಝೂರ್ಸ್' ಅಂದಿದ್ದಳು. ನಾಲ್ಕರ ಮುಂದೆ ಝ ಬರಬಾರದು, ನನ್ನ ನೋಟ್ಸಿನಲ್ಲಿ ಸ್ಪಷ್ಟವಾಗಿದೆ. ನಮ್ಮನೆಯವರಿಗೆ ತೋರಿಸಿದೆ. ಅವರು ಎರಡು ಸಲ ತಾವೇ ಹೇಳಿ ನೋಡಿಕೊಂಡರು. "ಕಾತ್ ಝೂರ್ಸ್... ಇದರಲ್ಲಿ ತಪ್ಪೇನಿದೆ?" ಅಂದರು.